ಐದು ಗೊರಟುಗಳ ಡಬ್ಬಿ

ಮೊನ್ನೆ ಅಡುಗೆಮನೆಯ ಕೆಳಗಿನ ಡ್ರಾಯರ್ ಖಾಲಿ ಮಾಡುತ್ತಿದ್ದ ಮಗಳು ಒಂದು ಪುಟ್ಟ ಸ್ಟೀಲ್ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಕಟಕಟ ಸದ್ದಾಯಿತು. ಮುಚ್ಚಳ ತೆಗೆದು ನೋಡಿ, "ಪಪ್ಪಾ, ಓಲ್ಡ್ ಡೇಟ್ ಸೀಡ್ಸ್. ಕ್ಯಾನ್ ಐ ಥ್ರೋ?" ಎಂದಳು. ನಾನು ಬೇಡ ಎಂದದ್ದು ಕೊಂಚ ಜೋರಾಗಿಯೇ ಇರಬೇಕು. ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟು ನನ್ನ ಮುಖ ನೋಡಿದಳು.

ಖರ್ಜೂರದ ಐದು ಗೊರಟುಗಳು. ಒಣಗಿ, ಕಿಸೆಯ ಬಟ್ಟೆಗೆ ಉಜ್ಜಿ ಉಜ್ಜಿ ನಯವಾದವು. ಇರಬೇಕಾದದ್ದು ಆರು. ಆರನೆಯದು ಎಲ್ಲಿ ಹೋಯಿತೆಂದು ನನಗೆ ಸರಿಯಾಗಿ ಗೊತ್ತು. ಅದನ್ನು ಹೇಳಬೇಕೆಂದರೆ ನಿಮ್ಮನ್ನು ಸ್ವಲ್ಪ ಸುತ್ತಿಸಿ ಕರೆದೊಯ್ಯಬೇಕು. ದುಬೈಯ ಬಿಸಿಲಿಗೆ ಹೆದರಬೇಡಿ. ನಾವು ಆಡುತ್ತಿದ್ದದ್ದು ಸಂಜೆ ನಾಲ್ಕರ ಮೇಲೆ, ಅದೂ ಚಳಿಗಾಲದಲ್ಲಿ.

ಐದಾರು ವರ್ಷದ ಹಿಂದಿನ ಮಾತು. ಈಗಿರುವ ಈ ಡಿಸ್ಕವರಿ ಗಾರ್ಡನ್ಸಿನ ಮನೆಯಲ್ಲೇ ಆಗಲೂ ಇದ್ದೆವು. ಅಲ್ ಕೂಜಿನ ಒಂದು ಗುತ್ತಿಗೆ ಕಂಪನಿಯಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ಕಟ್ಟಡದ ನಕ್ಷೆಗಳು ತಿದ್ದಿಸಿಕೊಂಡು ಬರುತ್ತಲೇ ಇರುತ್ತವೆ. ಯಾವ ನಕ್ಷೆಯ ಎಷ್ಟನೆಯ ತಿದ್ದುಪಡಿ ಸೈಟಿಗೆ ಹೋಗಿದೆ ಎಂದು ಕೇಳಿದವರಿಗೆ ತಪ್ಪದೆ ಹೇಳುವುದು, ಹಳತಾದದ್ದರ ಮೇಲೆ ಕೆಂಪು ಮುದ್ರೆ ಒತ್ತುವುದು ನನ್ನ ಕೆಲಸ. ಕಂಪನಿಯಲ್ಲಿ ಇದಕ್ಕಿಂತ ಸಪ್ಪೆಯಾದ ಕೆಲಸ ಇನ್ನೊಂದಿರಲಿಲ್ಲ. ನನಗೆ ಮಾತ್ರ ಅದು ಬಹಳ ಇಷ್ಟವಾಗಿತ್ತು. ನನ್ನ ಹೆಂಡತಿಯ ಪ್ರಕಾರ ನಾನು ದೋಸೆಯನ್ನೂ ಎಣಿಸಿಯೇ ತಿನ್ನುವವನು.

ನಮ್ಮ ಎಂಜಿನಿಯರ್ ಗ್ಲೆನ್ ಆಸ್ಟ್ರೇಲಿಯಾದವನು, ಪಟ್ಟಣದವನಲ್ಲ, ಗೋಧಿ ಬೆಳೆಯುವ ಒಳನಾಡಿನವನು. ಅಲ್ಲಿಯ ಊರುಗಳು ಒಂದಕ್ಕೊಂದು ಗಂಟೆಯ ದಾರಿ. ಒಂದೊಂದು ಊರಿಗೆ ಒಂದೊಂದು ರಗ್ಬಿ ಲೀಗ್ ತಂಡ. ಅವನ ಅಜ್ಜನ ಕಾಲದಿಂದ ಆ ಊರುಗಳು ವಾರಕ್ಕೊಮ್ಮೆ ಪರಸ್ಪರ ಆಡುತ್ತ ಬಂದಿವೆ. ಹುಡುಗರು ಕಡಿಮೆಯಾದಾಗ ಎರಡು ಊರು ಸೇರಿ ಒಂದು ತಂಡವಾದದ್ದೂ ಉಂಟು, ಜಗಳವಾಡಿ ಮತ್ತೆ ಬೇರೆಯಾದದ್ದೂ ಉಂಟು. ಆದರೆ ಒಂದು ಪದ್ಧತಿಯನ್ನು ಯಾರೂ ಮುರಿದಿಲ್ಲವಂತೆ. ಯಾರೇ ಗೆಲ್ಲಲಿ, ಆಟ ಮುಗಿದ ಮೇಲೆ ಆತಿಥೇಯ ತಂಡದವರು ಬಂದವರಿಗೆ ತಮ್ಮ ಕೈಯಾರೆ ಬಡಿಸಬೇಕು. ಗ್ಲೆನ್ ಆ ಪದ್ಧತಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದವನಂತೆ ಇಲ್ಲಿ ನಾಲ್ಕು ತಂಡಗಳ ಒಂದು ಲೀಗ್ ಕಟ್ಟಿದ್ದ. ಮೂರು ದುಬೈಯವು, ಒಂದು ಅಬುಧಾಬಿಯದು. ಎಲ್ಲರೂ ಅದನ್ನು ಶುಕ್ರವಾರದ ಲೀಗ್ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಗೋದಾಮಿಗೆ ಸಾಮಾನು ನೋಡಲು ಬಂದ ಗ್ಲೆನ್, ಹಿಂಬದಿಯ ಮರಳಿನಲ್ಲಿ ಊಟದ ಬಿಡುವಿನ ಕಬಡ್ಡಿ ನೋಡಿದ. ನಕ್ಷೆ ಹಿಡಿದು ನಾನೂ ಜೊತೆಯಲ್ಲಿದ್ದೆ. ಫೋರ್ಕ್‌ಲಿಫ್ಟ್ ಓಡಿಸುವ ಸುಧಾಕರಣ್ಣ ದಾಳಿ ಹೋಗಿದ್ದ. ಕಾರ್ಕಳದ ಕಡೆಯವನು, ಮೂವತ್ತೇಳು ವರ್ಷ, ಹೊಟ್ಟೆ ಸ್ವಲ್ಪ ಮುಂದೆ. ಮೂವರು ಅವನನ್ನು ಹಿಡಿದಿದ್ದರು. ಅವನು ಮೂವರನ್ನೂ ಎಳೆದುಕೊಂಡು ನಡುಗೆರೆಗೆ ಬಂದು ಬಿದ್ದ. ಗ್ಲೆನ್ ಸಾಮಾನು ನೋಡುವುದನ್ನು ಮರೆತ.

ರಗ್ಬಿ ಲೀಗ್ ಅಂದರೆ ಏನೆಂದು ನನಗೆ ಅರ್ಥವಾದದ್ದು ಹೀಗೆ. ತಂಡಕ್ಕೆ ಹದಿಮೂರು ಜನ. ಮೊಟ್ಟೆಯಂಥ ಚೆಂಡನ್ನು ಹೊತ್ತು ಎದುರಾಳಿಯ ಕೊನೆಗೆರೆ ದಾಟಿ ನೆಲಕ್ಕೆ ಒತ್ತಬೇಕು. ಅದಕ್ಕೆ ನಾಲ್ಕು ಅಂಕ, ಆಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಇನ್ನೆರಡು. ಕೈಯಿಂದ ಕೊಡುವುದಾದರೆ ಹಿಂದಿನವನಿಗೆ ಮಾತ್ರ ಕೊಡಬೇಕು. ಎದುರಾಳಿ ಹಿಡಿದು ಕೆಡವಿದರೆ ಅದು ಒಂದು ಹಿಡಿತ. ಅಂಥ ಆರು ಹಿಡಿತ ಆದವೋ, ಚೆಂಡು ಅವರದು. ಹಿಡಿಯುವುದು, ಜಗ್ಗುವುದು, ಗೆರೆ ಮುಟ್ಟುವುದು. ನಮ್ಮವರಿಗೆ ಇದು ಹೊಸದೇನಲ್ಲ ಎಂದು ಗ್ಲೆನ್ ಅಂದುಕೊಂಡ. ನಾವೂ ಅಂದುಕೊಂಡೆವು. ಗೋದಾಮಿನವರು ಸಾಲದೆ ಕರಾವಳಿ ಕಡೆಯ ಹೊರಗಿನವರನ್ನೂ ಸೇರಿಸಿಕೊಂಡು ಲೀಗಿನ ಐದನೆಯ ತಂಡವಾದೆವು.

ಭಟ್ಕಳದ ಮುಝಮ್ಮಿಲ್ ದೇರಾದಲ್ಲಿ ಮನೆತನದ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಿದ್ದ. ತಂಡದಲ್ಲಿ ಅವನಷ್ಟು ವೇಗವಾಗಿ ಓಡುವವರು ಇರಲಿಲ್ಲ. ಯಾರೂ ಕೊಳ್ಳದೆ ಉಳಿದ ಕನಕಾಂಬರ ಬಣ್ಣದ ಥಾನಿನಿಂದ ಅವನು ನಮಗೆಲ್ಲ ಅಂಗಿ ಹೊಲಿಸಿದ. ಅವನ ಅಂಗಡಿಯ ವ್ಯಾನೇ ನಮ್ಮ ಬಸ್ಸು. ಇಂದಿಗೂ ಹೊಸ ಬಟ್ಟೆಯ ಗಂಜಿಯ ವಾಸನೆ ಬಂದರೆ ನನಗೆ ಆಟಕ್ಕೆ ಹೊರಟ ಹಾಗಾಗುತ್ತದೆ. ಮುಝಮ್ಮಿಲ್ ಮತ್ತು ಅವನ ಊರಿನ ನಾಲ್ವರು ಜುಮ್ಮಾ ನಮಾಜು ಮುಗಿಸಿ, ಮನೆಯಲ್ಲಿ ಉಂಡು ಬರುವುದರಿಂದ ಲೀಗಿನ ಆಟವೇ ಎರಡು ಗಂಟೆಯಿಂದ ನಾಲ್ಕಕ್ಕೆ ಸರಿಯಿತು. ಉಳಿದ ತಂಡದವರು ಮೊದಲು ಗೊಣಗಿದರು. ಬಿಸಿಲು ಇಳಿದ ಮೇಲೆ ಆಡುವ ಸುಖ ಗೊತ್ತಾದಾಗ ಸುಮ್ಮನಾದರು.

ಹೊಸ ತಂಡಕ್ಕೆ ಒಂದು ಷರತ್ತಿತ್ತು. ಮೊದಲ ವರ್ಷ ಅದು ಅತಿಥಿ. ಆ ವರ್ಷ ಒಂದು ಪಂದ್ಯವನ್ನಾದರೂ ಗೆದ್ದರೆ ಮಾತ್ರ ಮುಂದಿನ ವರ್ಷಕ್ಕೆ ಜಾಗ. ಸುಧಾಕರಣ್ಣ ಇದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಗೋದಾಮಿನಲ್ಲಿ ಅವನನ್ನು ಕರೆಯುತ್ತಿದ್ದದ್ದು ಫೋರ್ಕ್‌ಲಿಫ್ಟಿನ ನಂಬರಿನಿಂದ. 'ಸೆವೆನ್, ಯಲ್ಲಾ' ಎಂದರೆ ಬೇಗ ಬರಬೇಕಾದವನು ಅವನು. ಒಮ್ಮೆ ನನ್ನೊಡನೆ ಹೇಳಿದ: "ವಾರದಲ್ಲಿ ಒಂದು ದಿವಸ ಯಾರಾದ್ರೂ ನನ್ನ ಹೆಸರು ಹಿಡಿದು ಬೊಬ್ಬೆ ಹಾಕ್ತಾರಲ್ಲ, ಅದು ಹೋದ್ರೆ ಮತ್ತೆ ಎಂತ ಉಂಟು ಹೇಳಿ ಇಲ್ಲಿ?"

ನನ್ನ ಪಾತ್ರ ಎಣಿಸುವುದು. ತೀರ್ಪುಗಾರ ಗ್ಲೆನ್‌ಗೆ ಓಡುವಾಗ ಏದುಸಿರು ಬಂದು ಹಿಡಿತಗಳ ಲೆಕ್ಕ ತಪ್ಪುತ್ತಿತ್ತು. ಗೆರೆಯ ಹೊರಗೆ ನಿಂತು ಎಣಿಸಲು ಒಬ್ಬ ಬೇಕೆಂದಾಗ ಅವನಿಗೆ ನನ್ನ ಕೆಂಪು ಮುದ್ರೆ ನೆನಪಾಯಿತು. ಬೆರಳಲ್ಲಿ ಎಣಿಸಿದರೆ ಆಟದ ಗೌಜಿಗೆ ಬೆರಳು ತಾನಾಗಿ ಮಡಚಿಕೊಳ್ಳುತ್ತದೆ. ಅದಕ್ಕೆ ನಾನು ಎಡ ಕಿಸೆಯಲ್ಲಿ ಆರು ಗೊರಟು ಹಾಕಿಕೊಂಡೆ. ಒಂದು ಹಿಡಿತಕ್ಕೆ ಒಂದು ಗೊರಟು ಬಲ ಕಿಸೆಗೆ. ಎಡ ಕಿಸೆ ಬರಿದಾದರೆ ಖಲಾಸ್. ನಮ್ಮ ತಂಡ ಆಡುವಾಗಲೂ ಎಣಿಸುವವನು ನಾನೇ. ಆಗ ಯಾರೂ ಅದಕ್ಕೆ ಆಕ್ಷೇಪ ಎತ್ತಲಿಲ್ಲ. ನಮ್ಮನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡವರೇ ಇರಲಿಲ್ಲ.

ಮೊದಲ ಪಂದ್ಯದಲ್ಲಿ ಅದಕ್ಕೆ ಕಾರಣವೂ ಒದಗಿತು. ಸುಧಾಕರಣ್ಣ ಚೆಂಡು ಹಿಡಿದು ನುಗ್ಗಿದ. ಒಬ್ಬನನ್ನು ತಪ್ಪಿಸಿದ, ಇನ್ನೊಬ್ಬನನ್ನು ಕೊಡವಿದ, ಮೂರನೆಯವನು ಅವನ ಅಂಗಿ ಬಿಟ್ಟ. ಎದುರಿಗೆ ಕೊನೆಗೆರೆ, ನಡುವೆ ಒಂದು ನರಪಿಳ್ಳೆಯಿಲ್ಲ. ಐದು ಹೆಜ್ಜೆ ಹಾಕಿದ್ದರೆ ನಾಲ್ಕು ಅಂಕ. ಸುಧಾಕರಣ್ಣ ಅಲ್ಲಿ ಗಕ್ಕನೆ ನಿಂತು, ಹಿಂದಕ್ಕೆ ತಿರುಗಿ, ನಡುಗೆರೆಯ ಕಡೆಗೆ ಜೀವ ಕೈಯಲ್ಲಿ ಹಿಡಿದು ಓಡಿಬಂದ. ಕಬಡ್ಡಿಯಲ್ಲಿ ಮುಟ್ಟಿದ ಮೇಲೆ ಮರಳಬೇಕಲ್ಲವೇ. ಇಪ್ಪತ್ತು ವರ್ಷ ಕಾಲಿಗೆ ಕಲಿಸಿದ್ದನ್ನು ಕಾಲು ಮಾಡಿತು. ಎದುರಾಳಿಗಳು ಒಂದು ಗಳಿಗೆ ಅವನನ್ನು ಹಿಡಿಯುವುದನ್ನೂ ಮರೆತರು. ಆಮೇಲೆ ನಗುತ್ತಲೇ ಹಿಡಿದರು.

ವ್ಯಾನಿನಲ್ಲಿ ಮುಝಮ್ಮಿಲ್ ಕೇಳಿದ: "ಸುಧಾಕರಣ್ಣ, ಮನೆಗೆ ಹೊರಟದ್ದಾ?"

"ಕಾಲು ತಿರುಗಿತು ಮಾರಾಯ. ನಾನಲ್ಲ."

ಆ ಸುದ್ದಿ ನಾಲ್ಕೂ ತಂಡಗಳಿಗೆ ಹರಡಿತು. ನಾವು ಬಂದರೆ ಎದುರಾಳಿಗಳಲ್ಲಿ ಯಾರಾದರೊಬ್ಬರು ಹಿಂದೆ ತಿರುಗಿ ಓಡಿ ತೋರಿಸುತ್ತಿದ್ದರು. ಕಾಲು ಹಿಡಿದರೆ ಬಿಡದಿರುವ ಅಭ್ಯಾಸವೂ ನಮ್ಮವರಿಗೆ ಮುಳುವಾಯಿತು. ಈ ಆಟದಲ್ಲಿ ಕೆಡವಿದ ಮೇಲೆ ಬಿಡಬೇಕು. ನಮ್ಮವರು ಸೀಟಿ ಊದಿದ ಮೇಲೂ ಕಣಕಾಲು ಹಿಡಿದು ಮಲಗಿರುತ್ತಿದ್ದರು. ಒಂದಾದ ಮೇಲೊಂದು ಸೋತೆವು.

ಈಗ ನನಗೆ ಹೇಳಲು ಕಷ್ಟವಾಗುವ ಭಾಗ. ನೋಡಿದ್ದನ್ನು ನೋಡಿದಂತೆಯೇ ಹೇಳುತ್ತೇನೆ. ಮೂರನೆಯ ಪಂದ್ಯ ದುಬೈಯಲ್ಲಿ, ಅಬುಧಾಬಿಯವರ ವಿರುದ್ಧ, ನಾವೇ ಆತಿಥೇಯರು. ಎರಡು ಅಂಕ ಹಿಂದಿದ್ದೆವು. ಕೊನೆಯ ನಿಮಿಷ. ಸುಧಾಕರಣ್ಣ ಈ ಸಲ ತಿರುಗದೆ, ಇಬ್ಬರನ್ನು ಹೊತ್ತುಕೊಂಡು ಗೆರೆಯ ಮೇಲೆ ಬಿದ್ದ. ನಮ್ಮವರು ಕುಣಿಯತೊಡಗಿದರು. ಗ್ಲೆನ್ ನನ್ನ ಕಡೆ ತಿರುಗಿ "ಕೌಂಟ್?" ಎಂದ. ನಾನು ಎಡ ಕಿಸೆಗೆ ಕೈ ಹಾಕಿದೆ. ಬಟ್ಟೆ ಮಾತ್ರ ಸಿಕ್ಕಿತು. ಹಿಂದಿನ ಹಿಡಿತವೇ ಆರನೆಯದು. ಚೆಂಡು ಆಗಲೇ ಅವರದಾಗಿತ್ತು. ಆದರೆ ಅದು ಗೊತ್ತಿದ್ದದ್ದು ನನಗೊಬ್ಬನಿಗೆ, ಅದೂ ನನ್ನ ಬೆರಳ ತುದಿಗೆ. ಸುಧಾಕರಣ್ಣ ನೆಲದಿಂದಲೇ ತಲೆಯೆತ್ತಿ ನನ್ನನ್ನು ನೋಡುತ್ತಿದ್ದ. "ಸಿಕ್ಸ್," ಎಂದೆ.

ಆಟ ಮುಗಿಯಿತು. ಪದ್ಧತಿಯಂತೆ ನಾವು ಬಡಿಸಬೇಕಲ್ಲ. ನನ್ನ ಹೆಂಡತಿ ಮಾಡಿ ಕಳಿಸಿದ್ದ ಗೋಳಿಬಜೆ, ನೀರುದೋಸೆ, ಕೋಳಿ ಸುಕ್ಕವನ್ನು ನಮ್ಮವರು ಗೆದ್ದವರ ತಟ್ಟೆಗೆ ಹಾಕಿದರು. ಅಬುಧಾಬಿ ತಂಡದ ನಾಯಕ ಡಾನ್, ರೀಮ್ ಐಲ್ಯಾಂಡಿನ ಯಾವುದೋ ಆಫೀಸಿನ ಆರಡಿ ಆಸಾಮಿ, ಗೋಳಿಬಜೆ ಜಗಿಯುತ್ತ ನನ್ನನ್ನೇ ನೋಡುತ್ತಿದ್ದ. ಅಲ್ ಕೂಜಿನಲ್ಲಿ ಇಳಿಯುವಾಗ ಸುಧಾಕರಣ್ಣ ವ್ಯಾನಿನ ಬಾಗಿಲು ಹಿಡಿದು ನಿಂತ.

"ನಂಗೆ ನಿಮ್ಮ ಮೇಲೆ ಕೋಪ ಉಂಟು," ಎಂದ. "ಎರಡು ದಿವಸ ಇರ್ತದೆ. ಮುಂದಿನ ಶುಕ್ರವಾರ ಎಣಿಸ್ಲಿಕ್ಕೆ ನೀವೇ ಬರ್ಬೇಕು ಮತ್ತೆ."

ಹೋದೆ. ಎಣಿಸಿದೆ. ಮತ್ತೆ ಎರಡು ಪಂದ್ಯ ಸೋತೆವು. ಉಳಿದದ್ದು ಒಂದೇ, ಅಬುಧಾಬಿಯಲ್ಲಿ, ಅದೇ ಡಾನ್‌ನ ತಂಡದ ವಿರುದ್ಧ. ಅವರು ಆ ವರ್ಷ ಯಾರಿಗೂ ಸೋತಿರಲಿಲ್ಲ.

ಶೇಖ್ ಝಾಯೆದ್ ರಸ್ತೆಯುದ್ದಕ್ಕೂ ವ್ಯಾನಿನಲ್ಲಿ, ಬಟ್ಟೆಯ ಥಾನುಗಳ ಮೇಲೆ ಕೂತು ಸುಧಾಕರಣ್ಣ ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ. ಅಂದು ನಮ್ಮವರು ಹೇಗೆ ಆಡಿದರೆಂದು ವಿವರಿಸಲು ನನಗೆ ಬರುವುದಿಲ್ಲ, ಏಕೆಂದರೆ ನಾನು ಗೊರಟುಗಳನ್ನು ನೋಡಿಕೊಳ್ಳುತ್ತಿದ್ದೆ. ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಬಿಡುವುದನ್ನು ಕೊನೆಗೂ ಕಲಿತಿದ್ದರು. ಕೊನೆಯ ನಿಮಿಷಕ್ಕೆ ಹದಿನಾಲ್ಕು, ಹದಿನಾರು. ಮತ್ತೆ ಎರಡು ಅಂಕ ಹಿಂದೆ. ಚೆಂಡು ನಮ್ಮದು. ಒಂದೊಂದಾಗಿ ಐದು ಗೊರಟು ಬಲಕ್ಕೆ ಹೋದವು. ಎಡ ಕಿಸೆಯಲ್ಲಿ ಒಂದೇ ಒಂದು ಉಳಿದಿತ್ತು. ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ನಿಂತೆ.

ಚೆಂಡು ಸುಧಾಕರಣ್ಣನ ಕೈಗೆ ಬಂತು. ಒಬ್ಬ ತಪ್ಪಿದ, ಇನ್ನೊಬ್ಬ ಜಾರಿದ. ಗೆರೆ ಹತ್ತು ಹೆಜ್ಜೆಯಲ್ಲಿತ್ತು. ಡಾನ್ ಮತ್ತು ಇನ್ನಿಬ್ಬರು ಮೂರು ಕಡೆಯಿಂದ ಅವನ ಮೇಲೆ ಬರುತ್ತಿದ್ದರು. ಅಲ್ಲಿ ಸುಧಾಕರಣ್ಣ ಗಕ್ಕನೆ ನಿಂತ. ಹಿಂದಕ್ಕೆ ತಿರುಗಿದ. ನಡುಗೆರೆಯ ಕಡೆಗೆ ಓಡತೊಡಗಿದ.

ಆ ಮೂವರಿಗೂ ಅವನ ಕತೆ ಗೊತ್ತಿತ್ತು. ನಗು ಬಂದಿರಬೇಕು. ಗೆರೆ ಕಾಯುವುದನ್ನು ಬಿಟ್ಟು ಮೂವರೂ ಅವನ ಬೆನ್ನು ಹತ್ತಿದರು. ಮೂರು ಹೆಜ್ಜೆ ಓಡಿದ ಸುಧಾಕರಣ್ಣ, ಎದುರಿನಿಂದ ಬಾಣದಂತೆ ಬರುತ್ತಿದ್ದ ಮುಝಮ್ಮಿಲ್‌ನ ಹೊಟ್ಟೆಗೆ ಚೆಂಡನ್ನಿಟ್ಟು ತಾನು ಬಿದ್ದುಕೊಂಡ. ಬೆನ್ನು ಹತ್ತಿದ್ದ ಮೂವರೂ ಅವನ ಮೇಲೆ ಬಿದ್ದರು. ಮುಝಮ್ಮಿಲ್ ಯಾರೂ ಇಲ್ಲದ ದಾರಿಯಲ್ಲಿ ಓಡಿ, ಕೊನೆಗೆರೆ ದಾಟಿ, ಚೆಂಡನ್ನು ಎರಡೂ ಕೈಯಿಂದ ನೆಲಕ್ಕೆ ಒತ್ತಿದ.

ಒಡನೆ ಅಬುಧಾಬಿಯವರು ಕೈಯೆತ್ತಿದರು. ಆರು ಹಿಡಿತ ಮೊದಲೇ ಮುಗಿದಿತ್ತು ಎಂದು ಅವರ ವಾದ. ನಾಲ್ಕಾರು ಜನ ಗ್ಲೆನ್‌ನನ್ನು ಸುತ್ತಿಕೊಂಡರು. ಗ್ಲೆನ್ ನನ್ನ ಕಡೆ ತಿರುಗಿದ. ಅದೇ ಪ್ರಶ್ನೆ, ಅದೇ ಎರಡು ಅಂಕ, ನೆಲದ ಮೇಲಿಂದ ಅದೇ ಎರಡು ಕಣ್ಣು.

"ಫೈವ್," ಎಂದೆ. ಎಡ ಕಿಸೆಯ ಗೊರಟನ್ನು ಅಂಗೈಯಲ್ಲಿಟ್ಟು ತೋರಿಸಿದೆ.

ಅವರಲ್ಲೊಬ್ಬ, ಎಣಿಸಿದವನು ದುಬೈ ತಂಡದ ಕಡೆಯವನೇ ಅಲ್ಲವೇ ಎಂದ. ಡಾನ್ ಮೈಮೇಲಿನ ಮರಳು ಕೊಡವಿಕೊಂಡು ಎದ್ದ. ದುಬೈಯಲ್ಲಿ ಈತ ಆರು ಎಂದಾಗ ನಾವು ಇವನ ಮಾತನ್ನು ನಂಬಿದೆವು, ಇವನ ಹೆಂಡತಿಯ ಅಡುಗೆಯನ್ನೂ ತಿಂದೆವು, ಇವತ್ತು ಐದು ಎಂದರೆ ಐದು, ಎಂದು ಇಂಗ್ಲಿಷಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ. ಗ್ಲೆನ್ ಸೀಟಿ ಊದಿದ. ಹದಿನೆಂಟು, ಹದಿನಾರು.

ಆಮೇಲಿನದ್ದನ್ನು ನಾನು ಎಣಿಸಲಿಲ್ಲ. ಕನಕಾಂಬರದ ಅಂಗಿಗಳೆಲ್ಲ ಒಂದೇ ರಾಶಿಯಾದವು. ಮುಝಮ್ಮಿಲ್ ಅಳುತ್ತಿದ್ದ. ಭಟ್ಕಳದವರು ನವಾಯತಿಯಲ್ಲೂ ಕಾರ್ಕಳದವರು ತುಳುವಿನಲ್ಲೂ ಒಟ್ಟಿಗೆ ಕೂಗುತ್ತಿದ್ದರು, ಮಾತು ಮಾತ್ರ ಒಂದೇ ಇದ್ದಿರಬೇಕು. ನನ್ನನ್ನು ಯಾರೋ ಎತ್ತಿದರು. ಕನ್ನಡಕ ಎಲ್ಲೋ ಬಿತ್ತು.

ಅಂದು ಬಡಿಸುವ ಸರದಿ ಅಬುಧಾಬಿಯವರದು. ಇದ್ದಿಲ ಮೇಲೆ ಸುಟ್ಟ ಕುರಿಮಾಂಸ. ಡಾನ್ ಮೊದಲ ತಟ್ಟೆ ಹಿಡಿದು, ಸಾಲಿನ ಕೊನೆಯಲ್ಲಿ ನಿಂತಿದ್ದವನನ್ನು ಹೆಸರು ಹಿಡಿದು ಕೂಗಿದ. "ಸುಡಾಕರ್," ಎಂದ. ಎರಡನೆಯ ಸಲ ಇನ್ನೂ ಜೋರಾಗಿ ಕೂಗಿದ. ಮೈದಾನದವರೆಲ್ಲ ಅದನ್ನೇ ಕೂಗತೊಡಗಿದರು. ಸುಧಾಕರಣ್ಣ ಕುಂಟುತ್ತ ಮುಂದೆ ಹೋಗಿ ತಟ್ಟೆ ತೆಗೆದುಕೊಂಡ. ತಿನ್ನಲು ಅವನಿಗೆ ತುಂಬ ಹೊತ್ತು ಹಿಡಿಯಿತು.

ಹೊರಡುವಾಗ ಡಾನ್ ನನ್ನ ಹತ್ತಿರ ಬಂದು ಆ ಎಡ ಕಿಸೆಯ ಗೊರಟನ್ನು ಕೊಡುತ್ತೀಯಾ ಎಂದು ಕೇಳಿದ. ಕೊಟ್ಟೆ. ಹೀಗೆ ಡಬ್ಬಿಯಲ್ಲಿ ಉಳಿದದ್ದು ಐದು.

ವ್ಯಾನಿನಲ್ಲಿ ಮುಝಮ್ಮಿಲ್ ಸುಮ್ಮನಿರುವವನಲ್ಲ. "ಅಣ್ಣಾ, ಸತ್ಯ ಹೇಳಿ. ಇವತ್ತು ಕಾಲು ತಿರುಗಿದ್ದಾ, ತಿರುಗಿಸಿದ್ದಾ?"

ಸುಧಾಕರಣ್ಣ ಕಿಟಕಿಯ ಹೊರಗೆ ನೋಡುತ್ತ, "ಚೆಂಡು ನಿಂಗೆ ಸಿಕ್ಕಿತಲ್ಲ," ಎಂದ. ಇವತ್ತಿಗೂ ಅದರ ಮೇಲೆ ಅವನು ಒಂದು ಮಾತು ಸೇರಿಸಿಲ್ಲ.

ಮುಂದಿನ ವರ್ಷ ಲೀಗಿನಲ್ಲಿ ನಾವು ಅತಿಥಿಗಳಾಗಿರಲಿಲ್ಲ. ಆ ವರ್ಷವೇ ತಂಡಗಳು ಹೆಚ್ಚಿದವು. ಒತ್ತಿದರೆ ಅಂಕಿ ಏರುವ ಒಂದು ಪುಟ್ಟ ಯಂತ್ರವನ್ನು ಗ್ಲೆನ್ ತರಿಸಿದ. ನನ್ನ ಕಿಸೆಗಳು ನಿವೃತ್ತವಾದವು. ನಾನೂ ಹೋಗುವುದನ್ನು ಕಡಿಮೆ ಮಾಡಿದೆ. ನಿಜ ಹೇಳಬೇಕೆಂದರೆ ಸ್ವಲ್ಪ ಮುನಿಸಿಕೊಂಡಿದ್ದೆ, ಯಂತ್ರದ ಮೇಲೆ.

ಕಳೆದ ವಾರ ಮುಝಮ್ಮಿಲ್ ಫೋನ್ ಮಾಡಿದ್ದ. ಯಂತ್ರದೊಳಗೆ ಮರಳು ಹೋಗಿ ಅಂಕಿ ನಾಲ್ಕರಲ್ಲೇ ನಿಂತು, ಎರಡು ತಂಡಗಳಿಗೆ ದೊಡ್ಡ ಜಗಳವಾಯಿತಂತೆ. ಕೊನೆಗೆ ಎರಡೂ ಕಡೆಯವರು ಆ ಖರ್ಜೂರದ ಮನುಷ್ಯ ಎಲ್ಲಿ ಎಂದು ಕೇಳಿದರಂತೆ. ಈಗ ಹುಡುಗರಿಗೆ ಆಟ ಕಲಿಸುವ ಸುಧಾಕರಣ್ಣ ಫೋನ್ ಕಸಿದುಕೊಂಡು, ನೀವು ಬರ್ಬೇಕು, ಅಷ್ಟೆ, ಎಂದ. ಕಣ್ಣು ಮೊದಲಿನಂತಿಲ್ಲ, ನೋಡೋಣ ಎಂದು ಹೇಳಿ ಫೋನ್ ಇಟ್ಟಿದ್ದೆ.

ಮಗಳು ಕತೆಯನ್ನೆಲ್ಲ ಕೇಳಿ ಡಬ್ಬಿಯೊಳಗೆ ಇನ್ನೊಮ್ಮೆ ಇಣುಕಿದಳು. "ಬಟ್ ಪಪ್ಪಾ, ಯು ನೀಡ್ ಸಿಕ್ಸ್," ಎಂದಳು.

ಎದ್ದು ಫ್ರಿಜ್ ತೆರೆದೆ. ಒಂದು ಖರ್ಜೂರ ತೆಗೆದು ನಿಧಾನವಾಗಿ ತಿಂದೆ. ಗೊರಟನ್ನು ನಲ್ಲಿಯ ಕೆಳಗೆ ತೊಳೆದು, ಒರೆಸಿ, ಉಳಿದ ಐದರ ಜೊತೆ ಎಡ ಕಿಸೆಗೆ ಹಾಕಿಕೊಂಡೆ. ಹೊಸದು ಇನ್ನೂ ಸ್ವಲ್ಪ ಅಂಟಂಟಾಗಿತ್ತು. ಶುಕ್ರವಾರ ನಾಲ್ಕು ಗಂಟೆಯೊಳಗೆ ಒಣಗಿರುತ್ತದೆ.