ಅಕ್ಕೋರು ಹೇಳಿದ ಇನ್ನೊಂದು ಕಥೆ

ಹೋದ ತಿಂಗಳು ಮದುವೆಯೊಂದಕ್ಕೆ ನಿಪ್ಪಾಣಿಗೆ ಹೋಗಿದ್ದೆ. ತಂಬಾಕು ತುಂಬಿಡುವ ವಖಾರಿಗಳ ಓಣಿ ದಾಟುವಾಗ ಘಾಟು ಮೂಗಿಗೆ ಬಡಿದು ಒಂದೇ ಸಮ ಸೀನು ಬಂದವು. ಅಕ್ಕೋರು ನೆನಪಾದರು... ಆ ಓಣಿಯ ಹಿಂದೆಯೇ ಅವರ ತಮ್ಮನ ಮನೆ. ಕಿಟಕಿ ಮುಚ್ಚಿ ಕೂತರೂ ಆನ್‌ಲೈನ್ ಕ್ಲಾಸಿನ ಮೊದಲಿಗೆ ಅವರಿಗೊಂದು ಸೀನು ಬಂದೇ ಬರುತ್ತಿತ್ತು. ಮಕ್ಕಳು ಅದನ್ನೇ ಶಾಲೆಯ ಗಂಟೆ ಎಂದುಕೊಂಡಿದ್ದರು.

ಅಕ್ಕೋರು ಚಿಕ್ಕೋಡಿಯ ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು. ಮದುವೆಯಾಗಿರಲಿಲ್ಲ, ನಿವೃತ್ತಿಯ ಮೇಲೆ ತಮ್ಮನ ಮನೆ ಸೇರಿದ್ದರು. ಲಾಕ್‌ಡೌನಿನಲ್ಲಿ ನಾನು ಕಲಿಸುತ್ತಿದ್ದ ಶಾಲೆಯವರು ನನ್ನನ್ನು ಕೆಲಸದಿಂದ ಬಿಡಿಸಿದಾಗ, ಮಕ್ಕಳಿಗೆ ಪುರಾಣದ ಕಥೆ ಹೇಳಿ ಕನ್ನಡ ಬರೆಸುವ ಆನ್‌ಲೈನ್ ಕ್ಲಾಸು ಶುರು ಮಾಡಿದೆ. ನನಗೆ ಕಥೆ ಹೇಳಲು ಬರುತ್ತಿರಲಿಲ್ಲ. ಅಕ್ಕೋರನ್ನು ಬೇಡಿಕೊಂಡೆ. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು, ಅದಕ್ಕೆ ತಕ್ಕಂತೆ ವೇಳೆ ಇಡು ಎಂದದ್ದಷ್ಟೇ ಅವರ ಷರತ್ತು.

ಅಥಣಿ, ರಾಯಬಾಗದ ಮಕ್ಕಳಿದ್ದರು. ಸಾಂಗಲಿಯ ಕಡೆಯವರೂ ಇದ್ದರು. ಅವರಿಗೆ ಶಾಲೆಯಲ್ಲೆಲ್ಲ ಮರಾಠಿ, ಕನ್ನಡ ಅಜ್ಜಿಯ ಜೊತೆ ಮಾತ್ರ. ಅಕ್ಕೋರು ಕಥೆ ಮುಗಿಸಿ, ನಡೆದದ್ದನ್ನು ಬರೆಯಬೇಡಿ, ಈ ಕಥೆಯವರು ನಿಮ್ಮ ಮನೆಗೆ ಬಂದರೆ ಏನು ಕೇಳುತ್ತೀರಿ ಅದನ್ನು ಬರೆಯಿರಿ ಎನ್ನುತ್ತಿದ್ದರು. ಮಕ್ಕಳು ಹಾಳೆಯ ಫೋಟೋ ಕಳಿಸುತ್ತಿದ್ದರು. ಅಕ್ಕೋರು ಒಂದೊಂದನ್ನೂ ಓದಿ, ಒಬ್ಬೊಬ್ಬರಿಗೂ ಫೋನ್ ಮಾಡಿ ಮಾತಾಡುತ್ತಿದ್ದರು.

ಅಥಣಿಯ ಒಬ್ಬ ಹುಡುಗಿ ಒಂದು ದಿನ ಕೇಳಿದಳು: ಲಂಕೆಯ ಅರಸ ಹತ್ತು ತಲೆ ಇಟ್ಟುಕೊಂಡು ಮಗ್ಗುಲಾಗಿ ಹೇಗೆ ಮಲಗುತ್ತಿದ್ದ? ಅಕ್ಕೋರು ಬಹಳ ಹೊತ್ತು ನಕ್ಕರು.

"ನಮ್ಮವ್ವ ಹೇಳೂ ಕಥಿಯೊಳಗ ಅಂವಂಗ ಒಂದ ತಲಿ, ತಂಗಿ. ಸಣ್ಣಾಂವ ಇದ್ದಾಗ ಕೊರಳಾಗ ಒಂಬತ್ತ ಮಣಿ ಹಾರ ಹಾಕಿದ್ರು. ಒಂದೊಂದ ಮಣಿಯೊಳಗ ಅಂವನ ಮಾರಿ ಕಂಡ್ತು. ನೋಡಿದವ್ರು ಹತ್ತ ಮುಖ ಅಂದ್ರು."

ಅವನು ರಾಕ್ಷಸನಲ್ಲ, ಒಂದೇ ಒಂದು ತಪ್ಪಿನಿಂದ ಹಾಳಾದ ದೊಡ್ಡ ಅರಸ ಎಂದೂ ಹೇಳಿದರು. ಆ ವಾರ ಹುಡುಗಿ ಬರೆದು ಕಳಿಸಿದಳು: 'ನಿನಗೆ ಇದ್ದದ್ದು ಒಂದೇ ಮುಖ ಅಂತ ನೀನು ಯಾಕೆ ಯಾರಿಗೂ ಹೇಳಲಿಲ್ಲ?' ಅದನ್ನು ಅಕ್ಕೋರು ನನಗೆ ಫೋನಿನಲ್ಲಿ ಎರಡು ಸಲ ಓದಿ ಹೇಳಿದರು.

ಅದಾದ ಮೂರನೆಯ ದಿನ ಪಾಲಕರ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ತಂದೆ ಕಿಡಿಕಾರಿದ. ಮಕ್ಕಳಿಗೆ ರಾಮನ ಕಥೆಯನ್ನು ತಿರುಚಿ ಹೇಳುತ್ತಿದ್ದಾರೆ ಎಂದ. ಮತ್ತಿಬ್ಬರು ದನಿಗೂಡಿಸಿದರು. ನಾಲ್ಕು ಮಕ್ಕಳು ಕ್ಲಾಸು ಬಿಟ್ಟರು. ಅಥಣಿಯ ಹುಡುಗಿಯೂ ಅವರಲ್ಲೊಬ್ಬಳು. ಜೈನರಲ್ಲಿ ನೂರಾರು ವರ್ಷಗಳಿಂದ ಆ ಕಥೆ ಹಾಗೆಯೇ ಇದೆ ಎಂದು ನನಗೆ ಗೊತ್ತಿತ್ತು. ಹೈಸ್ಕೂಲಿನಲ್ಲಿ ಅಕ್ಕೋರೇ ಕಲಿಸಿದ್ದರು. ಗ್ರೂಪಿನಲ್ಲಿ ಎರಡು ಸಾಲು ಬರೆದಿದ್ದರೆ ಸಾಕಿತ್ತು. ನಾನು ಬರೆಯಲಿಲ್ಲ. ಆಗಷ್ಟೇ ಮತ್ತೆ ಶುರುವಾಗಿದ್ದ ನಿಪ್ಪಾಣಿಯ ಬಸ್ಸು ಹತ್ತಿದೆ.

ಮುಂದಿನ ಕ್ಲಾಸಿನಲ್ಲಿ ತಪ್ಪಾಯಿತು ಎಂದುಬಿಡಿ ಅಕ್ಕೋರೇ ಎಂದು ಕೇಳಿಕೊಂಡೆ. ಅವರು ಸಿಟ್ಟಾಗಲಿಲ್ಲ.

"ತಪ್ಪು ಯಾವುದವಾ? ಅವರ ಕಥಿ ಸುಳ್ಳಂತ ನಾ ಅಂದಿಲ್ಲ. ನಮ್ಮನ್ಯಾಗೂ ಒಂದ ಐತಿ ಅಂದೀನಿ, ಅಷ್ಟ."

ಹಾಗಾದರೆ ಒಂದು ವಾರ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಎದ್ದು ಬಂದೆ. ಆ ವಾರ ಕ್ಲಾಸಿಗೆ ನಾನೇ ಕೂತೆ. ಅಕ್ಕೋರು ಹೇಳಿದ್ದು ಖರೆ ಏನ್ರಿ ಎಂದು ಒಂದು ಮಗು ಕೇಳಿತು. ಮಕ್ಕಳ ಹಿಂದೆ ಪಾಲಕರೂ ಕೂತಿದ್ದರು.

"ಅಕ್ಕೋರಿಗೆ ವಯಸ್ಸಾಗೇತಿ," ಎಂದೆ. "ಮರವು ಬಂದೈತಿ. ಒಂದಕ್ಕೊಂದು ಕಲಸಿ ಏನೋ ಹೇಳ್ಯಾರ. ಅದನ್ನ ಬಿಟ್ಟಬಿಡ್ರಿ."

ಸಾಂಗಲಿಯ ಹುಡುಗನೊಬ್ಬ ಮೆಲ್ಲಗೆ, "ಟೀಚರ್, ಅಕ್ಕೋರು ಇಲ್ಲೇ ಅದಾರ್ರಿ," ಎಂದ.

ನೋಡಿದೆ. ಪರದೆಯ ಮೂಲೆಯ ಕಪ್ಪು ಚೌಕದಲ್ಲಿ ಅವರ ಹೆಸರಿತ್ತು. ಕ್ಯಾಮೆರಾ ಹಚ್ಚಿರಲಿಲ್ಲ. ಎಷ್ಟು ಹೊತ್ತಿನಿಂದ ಕೇಳುತ್ತಿದ್ದರೋ... ನಾನು ಏನಾದರೂ ಹೇಳುವಷ್ಟರಲ್ಲಿ ಆ ಚೌಕ ಹೋಯಿತು. ಅವರು ಮತ್ತೆ ಕ್ಲಾಸಿಗೆ ಬರಲಿಲ್ಲ. ನಾನೂ ಫೋನ್ ಮಾಡಲಿಲ್ಲ.

ನನ್ನ ಸುಳ್ಳು ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ನಿಪ್ಪಾಣಿಯ ಒಂದು ಮಗುವೂ ಕ್ಲಾಸಿನಲ್ಲಿತ್ತು. ಅಕ್ಕೋರಿಗೆ ಮರೆವಂತೆ ಎಂಬ ಮಾತು ಆ ಮನೆಯಿಂದ ಓಣಿಗೆ, ಓಣಿಯಿಂದ ಬಸದಿಗೆ ಹೋಯಿತು. ಮಳೆಗಾಲದ ನಾಲ್ಕು ತಿಂಗಳು ಬಸದಿಯಲ್ಲಿ ಹೆಂಗಸರಿಗೆ ಪುರಾಣ ಓದಿ ಅರ್ಥ ಹೇಳುತ್ತಿದ್ದವರು ಅವರು. ಆ ವರ್ಷ, ನಿಮಗ್ಯಾಕ ತ್ರಾಸು ಎಂದು ಓದುವುದನ್ನು ಬೇರೆಯವರಿಗೆ ಕೊಟ್ಟರಂತೆ. ಅವರು ಹಿಂದಿನ ಸಾಲಿನಲ್ಲಿ ಕೂತು ಕೇಳಿ ಬರುತ್ತಿದ್ದರಂತೆ.

ಇದೆಲ್ಲ ನನಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ, ಮನೆಯವರನ್ನು ಮಾತಾಡಿಸಲು ಹೋದಾಗ, ಅವರ ತಮ್ಮನ ಹೆಂಡತಿಯ ಬಾಯಿಂದ. ಆಕೆಗೆ ಆ ಮಾತು ಎಲ್ಲಿ ಹುಟ್ಟಿತೆಂದು ಗೊತ್ತಿರಲಿಲ್ಲ. ಅಕ್ಕೋರು ಮನೆಯಲ್ಲಿ ಹೇಳಿರಲಿಲ್ಲ. ಕಡೆಯ ವಾರದವರೆಗೂ ಪುಸ್ತಕ ನೋಡದೆ ಪದ್ಯ ಹೇಳುತ್ತಿದ್ದರು ನೋಡ್ರಿ, ಅಂಥವರಿಗೆ ಮರವಂತ, ಎಂದು ಆಕೆ ಕಣ್ಣೊರೆಸಿಕೊಂಡರು. ನಾನು ಆಕೆ ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ನನ್ನ ಕ್ಲಾಸು ಇವತ್ತಿಗೂ ನಡೆಯುತ್ತಿದೆ, ಮಕ್ಕಳು ಹೆಚ್ಚಿದ್ದಾರೆ. ಪ್ರತಿ ಕಥೆಯನ್ನೂ ಮೊದಲೇ ಬರೆದು ಪಾಲಕರಿಗೆ ಕಳಿಸುತ್ತೇನೆ, ಅವರು ಒಪ್ಪಿದ್ದನ್ನು ಹೇಳುತ್ತೇನೆ. ಮಕ್ಕಳು ಅದನ್ನೇ ತಪ್ಪಿಲ್ಲದೆ ಬರೆದು ಕಳಿಸುತ್ತಾರೆ. ಅಂದಿನ ಮಕ್ಕಳು ಈಗ ಕಾಲೇಜಿನ ಹೊಸ್ತಿಲಲ್ಲಿದ್ದಾರೆ. ಬುದ್ಧಿ ಮಂಕಾದ ಮುದುಕಿಯೊಬ್ಬಳು ತಮಗೆ ಕಥೆ ಹೇಳುತ್ತಿದ್ದಳು ಎಂದೇ ಅವರು ತಿಳಿದಿರಬೇಕು. ಅವರಲ್ಲಿ ಕೆಲವರ ನಂಬರು ನನ್ನ ಫೋನಿನಲ್ಲಿ ಇನ್ನೂ ಇವೆ. ನಾನು ಒಬ್ಬರಿಗೂ ಹೇಳಿಲ್ಲ.