ನನ್ನ ಎಡಗಾಲು, ಅಮ್ಮನ ಸೊಂಟ

ನಾನು ಕಾಲು ಮುಂದಾಗಿ ಹುಟ್ಟಿದವಳು. ನಮ್ಮ ಕಡೆ ಹಾಗೆ ಹುಟ್ಟಿದವರಿಗೆ ಕೇಳದೆಯೇ ಒಂದು ಉದ್ಯೋಗ ಅಂಟಿಕೊಳ್ಳುತ್ತದೆ. ಸೊಂಟ ಉಳುಕಿದವರು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಚಾಪೆಯ ಮೇಲೆ ಕವುಚಿ ಮಲಗುತ್ತಾರೆ. ನಾವು ಎಡಗಾಲಿನಿಂದ ಅವರ ಬೆನ್ನನ್ನು ಮೇಲಿನಿಂದ ಕೆಳಕ್ಕೆ ನೀವಬೇಕು. ಆಮೇಲೆ ಅವರು ಎದ್ದು, ಒಂದು ಮಾತೂ ಆಡದೆ, ಹಿಂತಿರುಗಿ ನೋಡದೆ ಹೋಗಬೇಕು. ‘ಉಪಕಾರ ಆಯಿತು’ ಎಂದುಬಿಟ್ಟರೆ ನೋವು ಮರಳಿ ಬರುತ್ತದಂತೆ.

ಬೆಳ್ಳಾರೆ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಅದರ ಹಿಂದೆಯೇ ಮನೆ. ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಬೆಳಗ್ಗೆ ಜಗಲಿಯಲ್ಲಿ ಯಾರಾದರೂ ಸೊಂಟದ ಮೇಲೆ ಕೈಯಿಟ್ಟು, ಮುಖ ಕಿವುಚಿಕೊಂಡು ನಿಂತಿದ್ದರೆ ಅಮ್ಮ ಒಳಗಿನಿಂದಲೇ ಕೂಗುತ್ತಿದ್ದಳು, “ಏ ಮಗಾ, ನಿನ್ನ ಗಿರಾಕಿ ಬಂದಿದ್ದಾರೆ, ಕಾಲು ತೊಳ್ಕೊಂಡು ಬಾ.” ಗ್ಯಾಸ್ ಸಿಲಿಂಡರ್ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡವರು, ಸಂಪಾಜೆ ಘಾಟಿಯಲ್ಲಿ ದಿನವಿಡೀ ಲಾರಿ ಓಡಿಸುವವರು, ನೀರು ತುಂಬಿದ ಕೊಡಪಾನ ಹೊತ್ತು ಮೆಟ್ಟಿಲಲ್ಲಿ ಜಾರಿದವರು, ಹೀಗೆ ಎಲ್ಲ ಬಗೆಯ ಬೆನ್ನುಗಳೂ ಬರುತ್ತಿದ್ದವು. ಒಮ್ಮೆ ಒಬ್ಬರು ಕಾಲೇಜು ಮೇಷ್ಟ್ರು ಬಂದು, “ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ ಮಾರಾಯ್ತಿ, ಆದರೂ ಒಮ್ಮೆ ಇಡು” ಎಂದು ಮಲಗಿದರು. ನಂಬಿಕೆ ಇಲ್ಲದವರ ಬೆನ್ನೂ ನನ್ನ ಕಾಲಿಗೆ ಬೆನ್ನೇ.

ನನಗೂ ದೊಡ್ಡ ನಂಬಿಕೆ ಏನೂ ಇರಲಿಲ್ಲ. ಹೊಲಿಗೆ ಯಂತ್ರದ ಮುಂದೆ ಬಗ್ಗಿ ಬಗ್ಗಿ ನನ್ನ ಬೆನ್ನೇ ಒಮ್ಮೆ ಕೈಕೊಟ್ಟಿತು. ನನ್ನ ಕಾಲು ನನ್ನ ಬೆನ್ನಿಗೆ ಎಟಕುವುದಿಲ್ಲವಲ್ಲ! ಪುತ್ತೂರಿನಲ್ಲಿ ಫಿಸಿಯೋಥೆರಪಿ ಮಾಡುವ ಹುಡುಗಿಯೊಬ್ಬಳ ಬಳಿಗೆ ಹೋದೆ. ಭಾರ ಎತ್ತುವಾಗ ಸೊಂಟ ಬಗ್ಗಿಸಬೇಡಿ, ಮೊಣಕಾಲು ಮಡಚಿ, ವಸ್ತುವನ್ನು ಮೈಗೆ ಒತ್ತಿ ಹಿಡಿದು ಏಳಿ ಎಂದಳು. ಹಾಸಿಗೆಯಿಂದ ನೆಟ್ಟಗೆ ಏಳದೆ ಮಗ್ಗುಲಿಗೆ ಹೊರಳಿ, ಕೈಯೂರಿ ಏಳಲು ಕಲಿಸಿದಳು. ನೋವೆಂದು ಬಿದ್ದುಕೊಂಡೇ ಇದ್ದರೆ ಬೆನ್ನು ಇನ್ನೂ ಬಿಗಿಯುತ್ತದೆ, ಆದಷ್ಟು ನಡೆಯಬೇಕು ಎಂದಳು. ಸಾಮಾನ್ಯ ಉಳುಕು ಹೇಗೂ ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ ಎಂದಾಗ ನಾನು ನಕ್ಕುಬಿಟ್ಟೆ. ಇಷ್ಟು ವರ್ಷ ನನ್ನ ಎಡಗಾಲು ಪುಕ್ಕಟೆ ಹೆಸರು ತೆಗೆದುಕೊಂಡಿತ್ತು.

ಅಂದಿನಿಂದ ಬಂದವರಿಗೆ ಕಾಲಿನ ಜೊತೆ ಭಾಷಣವೂ ಸಿಗತೊಡಗಿತು. ಅವರು ಮಾತಾಡಬಾರದು ತಾನೇ, ಹಾಗಾಗಿ ತಿರುಗಿ ವಾದಿಸುವ ಹಾಗಿರಲಿಲ್ಲ.

ಊರಿನಲ್ಲಿ ನನ್ನ ಕಾಲು ಮುಟ್ಟದೆ ಉಳಿದ ನೋವಿನ ಬೆನ್ನು ಒಂದೇ. ಅದು ಅಮ್ಮನದು. ಅವಳು ಬೀಡಿ ಕಟ್ಟುತ್ತಿದ್ದಳು. ಗೋಡೆಯನ್ನೂ ಒರಗದೆ, ನೆಲದಲ್ಲಿ ಕಾಲು ಚಾಚಿ ಕುಳಿತು, ಮಡಿಲಲ್ಲಿ ಎಲೆ ಮತ್ತು ಹೊಗೆಸೊಪ್ಪು ಹರಡಿದ ಮೊರದಂಥ ತಡ್ಪೆ ಇಟ್ಟುಕೊಂಡು ಕತ್ತು ಬಗ್ಗಿಸಿದರೆ ಸಂಜೆ ಕಟ್ಟಿದ ಬೀಡಿ ಒಪ್ಪಿಸಲು ಬ್ರಾಂಚಿಗೆ ಹೊರಡುವಾಗಲೇ ತಲೆ ಎತ್ತುವುದು. ಅವಳ ಸೊಂಟ ನೋಯದೆ ಇನ್ನೇನು? ಹೊಲಿಗೆ ಅಂಗಡಿಯ ಸ್ಟೂಲು ಕೊಟ್ಟೆ, ಬೆನ್ನಿಗೆ ದಿಂಬು ಕೊಟ್ಟೆ. “ಸ್ಟೂಲಲ್ಲಿ ಕೂತ್ರೆ ಕೈ ಓಡುದಿಲ್ಲ ಮಗಾ” ಎಂದು ಮತ್ತೆ ನೆಲಕ್ಕಿಳಿಯುತ್ತಿದ್ದಳು. ಬಿಸಿನೀರಿನ ಚೀಲವೇ ಅವಳ ವೈದ್ಯ. ಕಾಲಿಡುತ್ತೇನೆ ಎಂದರೆ ಮಾತ್ರ ಬೆಂಕಿಯಾಗುತ್ತಿದ್ದಳು.

“ಹೆತ್ತವಳ ಮೈಮೇಲೆ ಕಾಲಿಟ್ಟ ಪಾಪ ನಿಂಗೆ ಯಾಕೆ?”

“ಊರಿನ ಮುದುಕರಿಗೆಲ್ಲ ಇಡುದಿಲ್ವಾ? ಅದು ಪಾಪ ಅಲ್ವಾ?”

“ಅವರು ಯಾರೂ ನಿನ್ನನ್ನು ಹೆತ್ತದ್ದಲ್ಲ. ಸುಮ್ಮನಿರು.”

ನನಗೆ ರೋಷ ಬರುತ್ತಿತ್ತು. ಕಾಲಿನಿಂದ ನೋವು ಹೋಗುತ್ತದೆಂದು ನಂಬದ ನಾನು, ಅವಳೊಬ್ಬಳಿಗೆ ಇಡಲಿಕ್ಕೆ ಆಗಲಿಲ್ಲವೆಂದು ಅಂಗಡಿಯಲ್ಲಿ ಕುಳಿತು ಅಳುವಷ್ಟು ಹಟಮಾರಿ. ನಂಬಿಕೆ ಬೇರೆ, ಆಸೆ ಬೇರೆ.

ಹೋದ ವರ್ಷ ಮಳೆ ಹಿಡಿಯುವ ಮೊದಲು ಅವಳ ನೋವಿನ ದಾರಿ ಬದಲಾಯಿತು. ಮೊದಲೆಲ್ಲ ಮಲಗಿದರೆ ಹಾಯಾಗುತ್ತಿದ್ದದ್ದು ಈಗ ಮಲಗಿದರೆ ಹೆಚ್ಚಾಗುತ್ತಿತ್ತು. ನಾನೇ ಹೊಲಿದ ರವಿಕೆ ಭುಜದಿಂದ ಜಾರತೊಡಗಿತು. ಪುತ್ತೂರಿಗೆ ಹೋಗುವ ಎಂದರೆ ನಾಳೆ, ನಾಡಿದ್ದು ಎನ್ನುತ್ತಿದ್ದಳು. ಒಂದು ಬೆಳಗ್ಗೆ ನಾನು ಏಳುವಾಗ ಅವಳು ಜಗಲಿಯ ಚಾಪೆಯಲ್ಲಿ ಕವುಚಿ ಮಲಗಿದ್ದಳು, ಬೇರೆಯವರು ಮಲಗುವ ಹಾಗೆಯೇ.

“ಒಮ್ಮೆ ಇಟ್ಟುಬಿಡು ಮಗಾ” ಎಂದಳು. “ಪಾಪ ಬಂದ್ರೆ ನಂಗೇ ಬರ್ಲಿ.”

ಪಾಪಕ್ಕೆ ಅಷ್ಟು ಹೆದರುವವಳು ಅದನ್ನೂ ಬದಿಗಿಟ್ಟಳೆಂದರೆ ಇದು ಬೀಡಿಯ ನೋವಲ್ಲ. “ಮೊದಲು ಪುತ್ತೂರಿಗೆ ಹೋಗುವ. ಬಂದ ಮೇಲೆ ಎಷ್ಟು ಬೇಕಾದ್ರೂ ಇಡ್ತೇನೆ” ಎಂದು ರಿಕ್ಷಾ ಕರೆದೆ.

ಸ್ಕ್ಯಾನಿಂಗಿಗೆ ಮೊದಲು ಅವಳಿಗೆ ಆಸ್ಪತ್ರೆಯ ಅಂಗಿ ತೊಡಿಸುವಾಗ ಅವಳ ಬರಿಬೆನ್ನನ್ನು ಮೊದಲ ಸಲ ನೋಡಿದೆ. ಬಿಸಿ ಚೀಲ ಇಟ್ಟೂ ಇಟ್ಟೂ ಸೊಂಟದ ಚರ್ಮ ಕಂದಿ, ಕಪ್ಪು ಬಲೆ ಹಾಸಿದಂತೆ ಗುರುತು ಬಿದ್ದಿತ್ತು. ಇಷ್ಟು ನೋವನ್ನು ಅವಳು ಬಿಸಿನೀರಿಗೆ ಮಾತ್ರ ಹೇಳಿಕೊಂಡಿದ್ದಳು. “ಎಂತ ನೋಡ್ತಿ? ಬೇಗ ಗುಂಡಿ ಹಾಕು, ಚಳಿ ಆಗ್ತದೆ” ಎಂದಳು.

ಬೇರೆಲ್ಲೋ ಹುಟ್ಟಿದ ಗಡ್ಡೆ ಬೆನ್ನುಮೂಳೆಗೆ ಇಳಿದಿತ್ತು. ಮಂಗಳೂರಿಗೂ ಹೋಗಿ ಬಂದೆವು. ಗುಣವಾಗುವ ಹಂತ ದಾಟಿದೆ, ನೋವು ಕಡಿಮೆ ಮಾಡಬಹುದು ಅಷ್ಟೇ ಎಂದರು. ಮೂಳೆ ರಸ್ಕಿನಂತೆ ಪುಡಿಯಾಗುವ ಸ್ಥಿತಿಯಲ್ಲಿದೆ, ಎಣ್ಣೆ ತಿಕ್ಕುವುದು, ಒತ್ತುವುದು ಏನೂ ಮಾಡಬೇಡಿ ಎಂದು ಡಾಕ್ಟರು ನನ್ನ ಮುಖವನ್ನೇ ನೋಡಿ ಹೇಳಿದರು. ಕಾಲಿಗೆ ಹೋಗುವ ನರವನ್ನು ಗಡ್ಡೆ ಅದುಮಿದೆ, ಮೊದಲು ಕಾಲಿನ ಸ್ಪರ್ಶ ಹೋಗುತ್ತದೆ, ಆಮೇಲೆ ಆ ಮರಗಟ್ಟುವಿಕೆ ಸೊಂಟದವರೆಗೂ ಏರಬಹುದು ಎಂದೂ ಹೇಳಿದರು. ಈ ಕೊನೆಯ ಮಾತನ್ನು ನಾನು ಅಮ್ಮನಿಗೆ ತಿಳಿಸಲಿಲ್ಲ.

ಪುತ್ತೂರಿನ ಆ ಹುಡುಗಿ ಮನೆಗೇ ಬಂದು, ಅವಳನ್ನು ಮಗ್ಗುಲಿಗೆ ಹೊರಳಿಸುವುದು ಹೇಗೆಂದು ತೋರಿಸಿದಳು. ಭುಜ ಮತ್ತು ಸೊಂಟ ಒಟ್ಟಿಗೇ ತಿರುಗಬೇಕು, ಬೆನ್ನು ತಿರುಚಿಕೊಳ್ಳಬಾರದು. ಮೊಣಕಾಲುಗಳ ನಡುವೆ ಒಂದು ದಿಂಬು. ನಾನು ಅಂಗಡಿಗೆ ಬೀಗ ಹಾಕಿದೆ. ಜಗಲಿಗೆ ಬಂದವರನ್ನು ಗೇಟಿನಿಂದಲೇ ಕಳಿಸಿದೆ. ಒಬ್ಬರು ಗೊಣಗಿದಾಗ, “ನಿಮ್ಮ ಸೊಂಟ ನಾಳೆ ಸರಿ ಆಗ್ತದೆ ಮಾರಾಯ್ರೆ, ಹೋಗಿ” ಎಂದು ರೇಗಿಬಿಟ್ಟೆ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಾಗಿತ್ತು.

ಮಾತ್ರೆಗಳಿಂದ ಅವಳು ಹೆಚ್ಚು ಹೊತ್ತು ಮಂಪರಿನಲ್ಲೇ ಇರುತ್ತಿದ್ದಳು. ಎಚ್ಚರಾದಾಗೆಲ್ಲ ಅದೇ ಮಾತು. “ಪುತ್ತೂರಿಂದ ಬಂದ ಮೇಲೆ ಇಡ್ತೇನೆ ಹೇಳಿದ್ಯಲ್ಲ?” ನಾಳೆ, ನಾಡಿದ್ದು ಎನ್ನುವ ಸರದಿ ಈಗ ನನ್ನದಾಗಿತ್ತು.

ಒಂದು ಮಧ್ಯಾಹ್ನ ಗಂಜಿ ಕುಡಿಸಿ ಅವಳನ್ನು ಗೋಡೆಯ ಕಡೆಗೆ ಹೊರಳಿಸಿದೆ. ಅವಳು ಕೈಯನ್ನು ಕಷ್ಟಪಟ್ಟು ಹಿಂದಕ್ಕೆ ತಂದು ಸೊಂಟವನ್ನು ತೋರಿಸಿದಳು. “ಇಲ್ಲಿ ಮಗಾ. ಇವತ್ತು ಇಲ್ಲ ಅನ್ಬೇಡ.”

ಇಲ್ಲ ಎನ್ನಲು ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ. ಕಾಲು ತೊಳೆದು, ತಣ್ಣಗಾಗದಿರಲೆಂದು ಒರೆಸಿ ಬಂದೆ. ಭಾರ ಬೀಳಬಾರದೆಂದು ಮಂಚದ ಪಕ್ಕ ಕುರ್ಚಿ ಎಳೆದು ಕುಳಿತು, ಎರಡೂ ಕೈಗಳಿಂದ ನನ್ನ ಎಡಗಾಲನ್ನು ಎತ್ತಿ, ಹಸುಗೂಸನ್ನು ಮಲಗಿಸುವ ಹಾಗೆ ಅವಳ ಸೊಂಟದ ಮೇಲೆ ಇಟ್ಟೆ. ಚರ್ಮ ಬೆಚ್ಚಗಿತ್ತು. ಒತ್ತಲಿಲ್ಲ, ಮೆಲ್ಲಗೆ ಕೆಳಕ್ಕೆ ನೀವಿದೆ. ಮತ್ತೆ ನೀವಿದೆ. ಎಷ್ಟೋ ವರ್ಷಗಳಿಂದ ಬಯಸಿದ್ದು ಇದನ್ನೇ. ಕಣ್ಣೀರು ಮೊಣಕಾಲಿನ ಮೇಲೆ ಬೀಳುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವಳು ಗೋಡೆಯ ಕಡೆ ಮುಖವಿದ್ದಂತೆಯೇ ಕೇಳಿದಳು:

“ಎಂತ ಮಗಾ, ಇನ್ನೂ ಇಡ್ಲಿಲ್ವಾ?”

“ಇದಾ ಅಮ್ಮ, ಇಡ್ತೇನೆ” ಎಂದೆ. ನನ್ನ ಕಾಲು ಅವಳ ಸೊಂಟದ ಮೇಲೆಯೇ ಇತ್ತು.