ಬಾರ್ಬಡೋಸಿನ ನೀರು ಮುಟ್ಟದ ಲಾನ್ಸಿಯಾಬರು

ವಾರದ ದಿನಗಳಲ್ಲಿ ಲಾನ್ಸಿಯಾಬರು ಈ ಭೂಮಿಯ ಮೇಲೆ ಇದ್ದಾರೋ ಇಲ್ಲವೋ ಎಂಬುದು ಸಿಡ್ನಿಯ ಪ್ಯಾರಮಟ್ಟಾದ ಅವರ ಆಫೀಸಿನಲ್ಲಿ ಯಾರಿಗೂ ಖಾತ್ರಿ ಇರಲಿಲ್ಲ. ಪೇರೋಲ್ ವಿಭಾಗದ ಮೂಲೆಯಲ್ಲಿ ಅವರು ಎಷ್ಟು ಸದ್ದಿಲ್ಲದೆ ಕೂರುತ್ತಿದ್ದರೆಂದರೆ, ಮನುಷ್ಯರ ಅಲುಗಾಟ ಕಂಡು ಉರಿಯುವ ದೀಪಗಳು ಅವರನ್ನು ಕುರ್ಚಿಯ ಲೆಕ್ಕಕ್ಕೆ ಹಾಕಿ ಆರಿಹೋಗುತ್ತಿದ್ದವು. ಒಮ್ಮೆ ಅವರು ರಜೆ ಮುಗಿಸಿ ಬಂದಾಗ ಮ್ಯಾನೇಜರ್ ಹೊಸಬರೆಂದು ತಿಳಿದು ಕೈಕುಲುಕಿ, ಟಾಯ್ಲೆಟ್ ಎಲ್ಲಿದೆ ಎಂದು ತೋರಿಸಿಕೊಟ್ಟಿದ್ದ. ಲಾನ್ಸಿಯಾಬರು ಥ್ಯಾಂಕ್ಸ್ ಹೇಳಿದ್ದರು.

ಶನಿವಾರ ಸಂಜೆಯ ಕತೆ ಬೇರೆ. ಮಂಗಳೂರು ಕ್ರೈಸ್ತರ ಮದುವೆಯಲ್ಲಿ ಊಟಕ್ಕೆ ಮುಂಚೆ ಒಬ್ಬ ಹಿರಿಯರು ಟೋಸ್ಟ್ ಎತ್ತಬೇಕು. ಮದುಮಕ್ಕಳನ್ನೂ ಎರಡೂ ಮನೆಯವರನ್ನೂ ಹೊಗಳಿ, ಸಭೆಯನ್ನು ನಗಿಸಿ, ಒಂದಿಷ್ಟು ಅಳಿಸಿ, ಕೊನೆಗೆ ಎಲ್ಲರ ಕೈಯಲ್ಲೂ ವೈನ್ ಗ್ಲಾಸ್ ಮೇಲೇಳಿಸಬೇಕು. ಸಿಡ್ನಿಯಲ್ಲಿ ಆ ಕೆಲಸಕ್ಕೆ ಲಾನ್ಸಿಯಾಬರನ್ನು ಬಿಟ್ಟರೆ ಇಲ್ಲ. ಮೈಕ್ ಕೈಗೆ ಬಂತೆಂದರೆ ಆ ಕುರ್ಚಿಯಂಥ ಮನುಷ್ಯ ಒಂದು ಗೇಣು ಬೆಳೆಯುತ್ತಿದ್ದರು. ಬ್ಲಾಕ್‌ಟೌನಿನ ಹಾಲೊಂದರಲ್ಲಿ ಅವರು ಟೋಸ್ಟ್ ಮುಗಿಸುವಷ್ಟರಲ್ಲಿ ಐಸ್‌ಕ್ರೀಮ್ ಕರಗಿ, ಹೊರಗಿನ ಚಳಿಗೆ ಮತ್ತೆ ಗಟ್ಟಿಯಾಗಿತ್ತು. ಇನ್ನೊಂದು ಮದುವೆಯಲ್ಲಿ ಟೋಸ್ಟ್ ಶುರುವಾದಾಗ ಗಾಢ ಪ್ರೀತಿಯಲ್ಲಿದ್ದ ಜೋಡಿ, ಮುಗಿಯುವ ಹೊತ್ತಿಗೆ ವಕೀಲರ ನಂಬರ್ ಹುಡುಕುತ್ತಿತ್ತು. ಆದರೂ ಜನ ಕರೆಯುತ್ತಿದ್ದರು. ಹೆಂಡತಿ ಇನೇಜ್ ಬಾಯಿ ಪ್ರತಿ ಸಲವೂ ಮುಂದಿನ ಸಾಲಿನಲ್ಲಿ ಗಂಡನ ಕೋಟು ಮಡಿಲಲ್ಲಿಟ್ಟುಕೊಂಡು, ಗಂಟಲಿನ ಮಾತ್ರೆ ಹಿಡಿದು ಕೂತಿರುತ್ತಿದ್ದರು. ಅವರು ನಗುವುದನ್ನಾಗಲಿ ಅಳುವುದನ್ನಾಗಲಿ ಯಾರೂ ನೋಡಿರಲಿಲ್ಲ.

ಹೀಗಿರುವಾಗ ಮೆಲ್ಬರ್ನಿನಲ್ಲಿ ಇನೇಜ್ ಬಾಯಿಯ ತಮ್ಮ ರಸೆಲ್‌ನ ಮಗಳಿಗೆ ಮದುವೆ ಗೊತ್ತಾಯಿತು. ಹುಡುಗ ಅಲ್ಲೇ ಆಸ್ಪತ್ರೆಯಲ್ಲಿ ನರ್ಸು, ಹುಟ್ಟೂರು ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪ. ಮದುವೆಯೂ ಆ ದ್ವೀಪದಲ್ಲೇ, ಸಮುದ್ರದ ದಂಡೆಯಲ್ಲಿ. ಮೆಲ್ಬರ್ನಿನವರಿಗೆ ಸಿಡ್ನಿಯವರ ಬಗ್ಗೆ ಮೊದಲಿಂದಲೂ ತಾತ್ಸಾರ. ನಮ್ಮಲ್ಲಿ ಟೋಸ್ಟ್ ಚುಟುಕಾಗಿ, ಚಂದವಾಗಿ ಇರುತ್ತದೆ, ಅಲ್ಲಿಯವರದು ಮುಗಿಯದ ಹರಿಕತೆಯ ಹಾಗೆ ಎಂದು ಅವರ ಮಾತು. ರಸೆಲ್ ತನ್ನ ಊರಿನ ಯಾರನ್ನೋ ಗೊತ್ತು ಮಾಡುವವನಿದ್ದ. ಲಾನ್ಸಿಯಾಬರು ದಿನಾ ಫೋನ್ ಮಾಡಿ, ಅವನ ಅಕ್ಕನಿಂದಲೂ ಮಾಡಿಸಿ, ಸಾಲದೆಂಬಂತೆ ಪಾದ್ರಿಗಳಿಂದಲೂ ಒಂದು ಮಾತು ಹೇಳಿಸಿ ಒಪ್ಪಿಸಿದರು. ರಸೆಲ್ ಕೊನೆಗೆ ಹೇಳಿದ್ದು ಇಷ್ಟೇ: "ಆಯ್ತು ಭಾವ, ನೀವೇ ಎತ್ತಿ. ಆದ್ರೆ ಇದ್ರಲ್ಲಿ ಮರ್ಯಾದೆ ಹೋದ್ರೆ, ಇನ್ನು ಮುಂದೆ ನಮ್ಮವರ ಯಾವ ಮದುವೆಯಲ್ಲೂ ನಿಮ್ಗೆ ಮೈಕ್ ಸಿಗುದಿಲ್ಲ."

ಮೈಕ್ ಇಲ್ಲದ ಲಾನ್ಸಿಯಾಬರು ಎಂದರೆ ವಾರವಿಡೀ ಸೋಮವಾರ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅವರಿಗಿದ್ದ ಹೆದರಿಕೆ ಒಂದೇ, ನೀರು. ಹಿಂದೊಮ್ಮೆ ಮಂಗಳೂರಿನಲ್ಲಿ ಸೋದರಸೊಸೆಯ ಮದುವೆಗೆ ಹೋಗಿ ರಸ್ತೆ ಬದಿಯ ಕಬ್ಬಿನ ಹಾಲು ಕುಡಿದು, ಟೋಸ್ಟಿನ ಹೊತ್ತಿಗೆ ಮದುವೆ ಮಂಟಪದ ಹಿಂದಿನ ಬಾತ್‌ರೂಮಿನಲ್ಲಿ ಇದ್ದರು. ಒಳಗಿನಿಂದಲೇ ಕೂಗಿ ಎರಡು ಮಾತು ಹೇಳಲು ನೋಡಿದರಂತೆ. ಹೊರಗೆ ಕೇಳಿಸಿದ್ದು ಮಾತಲ್ಲ. ಅಂದಿನಿಂದ ಸಮುದ್ರ ದಾಟಿದರೆ ನೀರೆಲ್ಲ ವಿಷ ಎಂಬುದು ಅವರ ಸಿದ್ಧಾಂತ.

ಬಾರ್ಬಡೋಸಿಗೆ ಇಳಿದ ಕೂಡಲೇ ನೀರಿನ ಇಲಾಖೆ ವಹಿಸಿಕೊಂಡರು. ನಲ್ಲಿ ಮುಟ್ಟಬೇಡಿ, ಐಸ್ ಬೇಡ, ಸೊಪ್ಪು ಸಲಾಡ್ ಬೇಡ, ಸ್ನಾನ ಮಾಡುವಾಗ ಬಾಯಿ ಬಿಡಬೇಡಿ ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದರು. ಹುಡುಗನ ಅಜ್ಜಿ ನಕ್ಕು, ನಮ್ಮ ದ್ವೀಪವೇ ಹವಳದ ಕಲ್ಲು, ಮಳೆನೀರು ಅದರಲ್ಲಿ ಸೋಸಿಕೊಂಡೇ ಕೆಳಗಿಳಿಯುತ್ತದೆ, ತೊಂಬತ್ತು ವರ್ಷದಿಂದ ಇದನ್ನೇ ಕುಡಿಯುತ್ತಿದ್ದೇನೆ ಎಂದು ನಲ್ಲಿಯಿಂದ ಒಂದು ಲೋಟ ಹಿಡಿದುಕೊಟ್ಟಳು. ಇನೇಜ್ ಬಾಯಿ ಗಟಗಟ ಕುಡಿದು ಇನ್ನೊಂದು ಲೋಟ ಕೇಳಿದರು. ಲಾನ್ಸಿಯಾಬರು ಹೆಂಡತಿಯನ್ನು, ಶವಪೆಟ್ಟಿಗೆಯ ಅಳತೆ ತೆಗೆಯುವವನ ಹಾಗೆ ನೋಡಿದರು.

ಬಾಟಲಿ ನೀರು ಕುಡಿಯಬಹುದಿತ್ತು. ಆದರೆ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ಹಳೇ ಬಾಟಲಿಗೆ ಹೊಸ ಮುಚ್ಚಳ ಹಾಕುವುದನ್ನು ಕಂಡವರು ಅವರು. ಹೋಟೆಲ್ ರೂಮಿನ ಕೆಟಲಿನಲ್ಲಿ ಕಾಯಿಸೋಣವೆಂದರೆ ಹಿಂದೆ ಆ ರೂಮಿನಲ್ಲಿದ್ದವರು ಅದರಲ್ಲಿ ಏನು ಬೇಯಿಸಿದ್ದರೋ, ಬಹುಶಃ ಕಾಲುಚೀಲವನ್ನೇ. ಹೀಗೆ ಒಂದೊಂದೇ ಬಾಗಿಲು ಮುಚ್ಚುತ್ತಾ ಬಂದು ಕೊನೆಗೆ ಉಳಿದದ್ದು ಚರ್ಚಿನ ಎದುರಿನ ರಮ್ ಅಂಗಡಿ.

ಅಲ್ಲಿ ರಮ್ ಕೊಳ್ಳುವುದೆಂದರೆ ನಮ್ಮಲ್ಲಿ ಕೊತ್ತಂಬರಿ ಸೊಪ್ಪು ಕೊಂಡ ಹಾಗೆ. ಬಣ್ಣ ಬಳಿದ ಹಲಗೆಯ ಗೂಡು, ಒಂದು ಬೆಂಚು, ಡಾಮಿನೋ ಆಡುವ ಮುದುಕರು. ಸಿಡ್ನಿಯಲ್ಲಿ ಮದ್ಯ ಮಾರುವ ಬಾಟಲ್ ಶಾಪಿನ ಬಿಗುಮಾನವಿಲ್ಲ, ಕತ್ತು ತಗ್ಗಿಸಬೇಕಾಗಿಲ್ಲ. ಲಾನ್ಸಿಯಾಬರು ಎಲ್ಲಕ್ಕಿಂತ ಖಾರವಾದ್ದು ಯಾವುದೆಂದು ಕೇಳಿದರು. ಅಂಗಡಿಯಾಕೆ ನೀರಿನ ಹಾಗೆ ಬೆಳ್ಳಗಿದ್ದ ಒಂದು ಬಾಟಲಿ ಇಳಿಸಿ, ಇದಕ್ಕೆ ನೀರು ಬೆರೆಸದೆ ಕುಡಿಯಬೇಡಿ ಎಂದು ಎಚ್ಚರಿಸಿದಳು. ನೀರು ಬೆರೆಸುವುದೊಂದನ್ನು ಬಿಟ್ಟು ಬೇರೇನು ಬೇಕಾದರೂ ಮಾಡಲು ಅವರು ಸಿದ್ಧರಿದ್ದರು.

ಮೊದಲು ಅದರಲ್ಲಿ ಹಲ್ಲುಜ್ಜಿದರು. ಹಲ್ಲು ಎಷ್ಟು ಹೊಳೆಯಿತೆಂದರೆ ಸಮುದ್ರದಲ್ಲಿದ್ದ ಒಂದು ಹಡಗು ಲೈಟ್‌ಹೌಸ್ ಎಂದು ದಿಕ್ಕು ಬದಲಿಸಿತು. ಆಮೇಲೆ ಅದರಲ್ಲೇ ಚಮಚ ತೊಳೆದರು, ಮಾತ್ರೆ ನುಂಗಿದರು. ಸೆಕೆಗೆ ಬಾಯಾರಿದಾಗ ಒಂದೊಂದು ಮುಚ್ಚಳ. ಆ ರಮ್ಮಿಗೆ ಬಾಯಾರಿಕೆ ಇನ್ನೂ ಹೆಚ್ಚಿ, ಆ ಬಾಯಾರಿಕೆಗೆ ಇನ್ನೊಂದು ಮುಚ್ಚಳ. ಟೋಸ್ಟಿಗೆ ಮುಂಚೆ ಒಂದು ಹನಿಯೂ ಮುಟ್ಟುವುದಿಲ್ಲವೆಂಬುದು ಅವರ ಜೀವನದ ನಿಯಮ. ಇನೇಜ್ ಬಾಯಿ ಅದನ್ನು ನೆನಪಿಸಿದರು.

"ಇದು ಕುಡಿಯುದಲ್ಲ ಇನೇಜ್," ಅಂದರು ಲಾನ್ಸಿಯಾಬರು. "ಇದು ಮುಂಜಾಗ್ರತೆ."

"ಮುಂಜಾಗ್ರತೆ ವಾಸನೆ ಬರ್ತಾ ಉಂಟು," ಅಂದು ಅವರು ನಲ್ಲಿ ತಿರುಗಿಸಿ ಲೋಟ ತುಂಬಿಸಿಕೊಂಡರು.

ಮದುವೆಯ ದಿನ ಬೆಳಿಗ್ಗೆ ಲಾನ್ಸಿಯಾಬರ ತುಟಿ ಬಿರಿದು ಬೇಸಿಗೆಯ ಗದ್ದೆಯಾಗಿತ್ತು. ನಾಲಿಗೆ ಒಣಗಿದ ಬಂಗುಡೆ ಮೀನು. ಗಂಟಲಿನೊಳಗೆ ಯಾರೋ ಇಸ್ತ್ರಿ ಪೆಟ್ಟಿಗೆ ಮರೆತು ಹೋದಂತಿತ್ತು. ಹೊಟ್ಟೆ ಮಾತ್ರ ಗುಂಡುಕಲ್ಲು, ಒಂದು ಕ್ರಿಮಿಯೂ ಹತ್ತಿರ ಸುಳಿದಿರಲಿಲ್ಲ. ನಲ್ಲಿ ನೀರು ಕುಡಿದ ಉಳಿದವರೆಲ್ಲ ಕುಣಿದಾಡಿಕೊಂಡು ಓಡಾಡುತ್ತಿದ್ದರು.

ಸಂಜೆ ಹೆಸರು ಕರೆದರು. ಲಾನ್ಸಿಯಾಬರು ಎದ್ದರು, ಮರಳಿನ ಮೇಲೆ ದೋಣಿಯಂತೆ ವಾಲುತ್ತಾ ಹೋಗಿ ಮೈಕ್ ಹಿಡಿದರು. ಮೆಲ್ಬರ್ನಿನ ಮೇಜುಗಳು ಫೋನ್ ಮೇಲೆತ್ತಿ ರೆಕಾರ್ಡ್ ಮಾಡಲು ಕಾದವು. ಅವರು ಬಾಯಿ ತೆರೆದರು. ಬಂದದ್ದು ಹಳೆ ಗೇಟು ತೆರೆದ ಸದ್ದು. ಮತ್ತೊಮ್ಮೆ ತೆರೆದರು. ಗೇಟು ಮುಚ್ಚಿದ ಸದ್ದು. ಒಂದು ಮಗು ನಕ್ಕಿತು, ಅದರ ಹಿಂದೆ ಇಡೀ ಸಭೆ. ಲಾನ್ಸಿಯಾಬರು ಜನ್ಮದಲ್ಲಿ ಅಷ್ಟು ದೊಡ್ಡ ನಗು ಎಬ್ಬಿಸಿರಲಿಲ್ಲ. ರಸೆಲ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಆಗ ಮುಂದಿನ ಸಾಲಿನಿಂದ ಇನೇಜ್ ಬಾಯಿ ಎದ್ದರು. ಕೋಟನ್ನು ಗಂಡನ ಕೈಗೆ ಕೊಟ್ಟು ಮೈಕ್ ತೆಗೆದುಕೊಂಡರು. ಮದುಮಗಳು ಚಿಕ್ಕವಳಿದ್ದಾಗಿನ ಎರಡು ತಂಟೆ ಹೇಳಿದರು, ಹುಡುಗನ ಅಜ್ಜಿಯನ್ನು ಹೆಸರು ಹಿಡಿದು ಹೊಗಳಿದರು. ಜನ ಫೋನ್ ಕೆಳಗಿಟ್ಟು ಕೇಳತೊಡಗಿದರು. ಆಮೇಲೆ ಮದುಮಗಳ ಕಡೆ ತಿರುಗಿದರು.

"ಮಗಾ, ನನ್ನ ಗಂಡ ಮುನ್ನೂರು ಮದುಮಗಳಂದಿರ ಗುಣಗಾನ ಮಾಡಿದ್ದಾರೆ. ಮುನ್ನೂರೂ ಒಳ್ಳೆಯವರೇ, ಮುನ್ನೂರೂ ಚಂದದವರೇ. ನಾನು ಕೋಟು ಹಿಡ್ಕೊಂಡು ಎಲ್ಲಾ ಕೇಳಿದ್ದೇನೆ. ಮನೆಗೆ ಬಂದ ಮೇಲೆ ನನ್ನ ಬಗ್ಗೆ ಏನಾದ್ರೂ ಉಂಟಾ ಅಂತ ಕಾದಿದ್ದೇನೆ. ಅಷ್ಟೊತ್ತಿಗೆ ಅವರ ಗಂಟಲು ಬಿದ್ದಿರ್ತದೆ." ಸಭೆ ಹೊಟ್ಟೆ ಹಿಡಿದುಕೊಂಡಿತು. "ನಿನಗೆ ಒಂದೇ ಮಾತು. ಗಂಡನಿಗೆ ಬಾಯಾರಿದ್ರೆ ನೀರು ಕೊಡು. ಬೇಡ ಅಂದ್ರೆ ಒತ್ತಾಯ ಮಾಡ್ಬೇಡ. ನಿನ್ನ ಲೋಟ ನೀನು ಕುಡಿ."

ಗ್ಲಾಸುಗಳು ತಾವಾಗಿಯೇ ಎದ್ದವು. ಅಜ್ಜಿ ಎದ್ದು ಬಂದು ಇನೇಜ್ ಬಾಯಿಯನ್ನು ತಬ್ಬಿಕೊಂಡಳು. ಮಗು ನಗುವುದನ್ನು ನಿಲ್ಲಿಸುವ ಮೊದಲೇ ಟೋಸ್ಟ್ ಮುಗಿದಿತ್ತು. ಮೆಲ್ಬರ್ನಿನವರು ಇದೇ ನೋಡಿ, ಚುಟುಕು, ಚಂದ ಎಂದರು. ಲಾನ್ಸಿಯಾಬರು ಕೋಟು ಹಿಡಿದು ನಿಂತಿದ್ದರು, ನಗದಿದ್ದವರು ಅವರೊಬ್ಬರೇ.

ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯ ತಮ್ಮ ಮನೆಗೆ ಮರಳಿ ಒಂದು ತಿಂಗಳಾದ ಮೇಲೆ ಗಂಟಲು ಪೂರ್ತಿ ಸರಿಹೋಯಿತು. ಆ ವಾರವೇ ಮೆಲ್ಬರ್ನಿನಿಂದ ಫೋನ್ ಬಂತು. ಯಾರದೋ ಮದುವೆಯ ಐವತ್ತನೇ ವರ್ಷ, ಟೋಸ್ಟ್ ಎತ್ತಬೇಕಂತೆ. ಲಾನ್ಸಿಯಾಬರು ಸೋಫಾದಿಂದ ಎದ್ದು ನಿಂತು, ಎದೆ ಸೆಟೆಸಿ, ತಮಗೆ ಮೈಕ್ ವೈರ್ ಇಲ್ಲದ್ದೇ ಆಗಬೇಕು, ಊಟ ತಡವಾದರೂ ಪರವಾಗಿಲ್ಲ ಎಂದು ವಿವರಿಸಲು ಶುರುಮಾಡಿದರು.

ಆ ಕಡೆಯವರು ಮುಗಿಯುವವರೆಗೆ ಕಾದು, ಮರ್ಯಾದೆಯಿಂದಲೇ ಕೇಳಿದರು: "ಅಂಕಲ್, ಆಂಟಿ ಇದ್ದಾರಾ?"

ಲಾನ್ಸಿಯಾಬರು ಫೋನಿನ ಮೇಲೆ ಕೈ ಮುಚ್ಚಿ ಅಡುಗೆಮನೆಗೆ ಹೋದರು. ಇನೇಜ್ ಬಾಯಿ ಮೀನು ಹುರಿಯುತ್ತಿದ್ದವರು ತಿರುಗದೆಯೇ, ತಾರೀಕು ಕೇಳಿ ಅಂದರು. ಲಾನ್ಸಿಯಾಬರು ಕೇಳಿ ಹೇಳಿದರು. ಹಾಲಿನ ಹತ್ತಿರ ಪಾರ್ಕಿಂಗ್ ಉಂಟಾ ಕೇಳಿ ಅಂದರು. ಅದನ್ನೂ ಕೇಳಿ ಹೇಳಿದರು.

"ಆಯ್ತು, ಬರ್ತೇನೆ ಅಂತ ಹೇಳಿ," ಅಂದರು ಇನೇಜ್ ಬಾಯಿ, ಮೀನು ಮಗುಚುತ್ತಾ. "ಅಷ್ಟು ದೂರ ಕಾರು ಬಿಡ್ಲಿಕ್ಕೆ ನನ್ನಿಂದಾಗುದಿಲ್ಲ. ನೀವೇ ಬಿಡ್ಬೇಕು."

ಲಾನ್ಸಿಯಾಬರು ಫೋನಿನ ಮೇಲಿನ ಕೈ ತೆಗೆದು, ಬರ್ತಾರಂತೆ ಅಂದರು.